ಬೆಲೀಜ್ ಅಡ್ಡಕೊಯ್ತ: ತಗ್ಗಿನಲ್ಲೂ ಪೈನ್, ಗುಡ್ಡದ ಮೇಲೂ ಪೈನ್, ಯಾಕೆ?

(ಇದು ವೇದಿಕೆಯೊಂದರ ಪ್ರಶ್ನೋತ್ತರ. ಪ್ರತಿ ಭಾಗದ ಮೇಲಿರುವುದು ಬರೆದವರ ಅಡ್ಡಹೆಸರು.)

ನಕ್ಷೆಪೆಟ್ಟಿಗೆ (ಪ್ರಶ್ನೆ):

ಮಧ್ಯ ಅಮೆರಿಕದ ಬೆಲೀಜ್ ದೇಶದ ಅಡ್ಡಕೊಯ್ತ (ನೆಲವನ್ನು ಒಂದು ಗೆರೆಯುದ್ದಕ್ಕೂ ಕತ್ತರಿಸಿ ಮಗ್ಗುಲಿನಿಂದ ನೋಡಿದ ಚಿತ್ರ) ಒಂದನ್ನು A3 ಹಾಳೆಯ ಮೇಲೆ ಬರೆಯಬೇಕಾಗಿದೆ. ಪೂರ್ವದಲ್ಲಿ, ಕಡಲೊಳಗಿನ ಹವಳದಿಬ್ಬವಾದ ಲೈಟ್‌ಹೌಸ್ ರೀಫ್‌ನ ಬ್ಲೂ ಹೋಲ್ ಎಂಬ ಕಡಲ ಗುಂಡಿಯಿಂದ ಗೆರೆ ಹೊರಡುತ್ತದೆ. ಟರ್ನೆಫ್ ಅಟಾಲ್ (ಉಂಗುರದಾಕಾರದ ಹವಳದಿಬ್ಬ) ದಾಟಿ, ಗೇಲ್ಸ್ ಪಾಯಿಂಟ್ ಹತ್ತಿರ ದಡ ಹತ್ತಿ, ಮೌಂಟನ್ ಪೈನ್ ರಿಡ್ಜ್ ಮೇಲೆ ಹಾದು ಗ್ವಾಟೆಮಾಲಾ ಗಡಿ ಮುಟ್ಟುತ್ತದೆ. ಕೆಳಗಿನವುಗಳಿಗೆ ಉತ್ತರ ಬೇಕು:

1. ದಡದ ಬಯಲಿನಲ್ಲೂ ಪೈನ್ ಇದೆ, ಸಾವಿರ ಮೀಟರ್ ಎತ್ತರದಲ್ಲೂ ಪೈನ್ ಇದೆ, ನಡುವೆ ದಟ್ಟ ಅಗಲೆಲೆಯ ಕಾಡು. ಎತ್ತರಕ್ಕೆ ತಕ್ಕ ಹಾಗೆ ಕಾಡು ಬದಲಾಗುತ್ತದೆ ಅನ್ನುವ ಪಾಠ ಇಲ್ಲಿ ಯಾಕೆ ಕೂಡಿಬರುತ್ತಿಲ್ಲ?
2. ಸಮತಟ್ಟು ಜಾಗಕ್ಕೂ ನಕ್ಷೆಯಲ್ಲಿ 'ರಿಡ್ಜ್' ಎಂದು ಹೆಸರಿದೆ. ಮುದ್ರಣದ ತಪ್ಪೇ?
3. ಮಳೆ ಒಂದು ಕಡೆ 1,350 ಮಿ.ಮೀ., ಇನ್ನೊಂದು ಕಡೆ 4,500 ಮಿ.ಮೀ. ಎಂದಿದೆ. ಇಷ್ಟು ಚಿಕ್ಕ ದೇಶಕ್ಕೆ ಯಾವುದನ್ನು ಹಿಡಿಯಬೇಕು?
4. ಅಡ್ಡಕ್ಕೂ ಎತ್ತರಕ್ಕೂ ಒಂದೇ ಪ್ರಮಾಣ ಇಟ್ಟು ಬರೆದರೆ ಬೆಟ್ಟವೇ ಕಾಣುವುದಿಲ್ಲ. ಎಷ್ಟು ಪಟ್ಟು ಎಳೆಯಬೇಕು?

ಸುಣ್ಣಕಲ್ಲು:

ಎರಡನೆಯದನ್ನು ಮೊದಲು ಮುಗಿಸೋಣ, ಅರ್ಧ ಗೊಂದಲ ಅಲ್ಲೇ ಇದೆ. ಮುದ್ರಣದ ತಪ್ಪಲ್ಲ. ಬೆಲೀಜಿನವರ ಬಾಯಲ್ಲಿ ರಿಡ್ಜ್ ಎಂದರೆ ಏಣೂ ಅಲ್ಲ, ದಿಣ್ಣೆಯೂ ಅಲ್ಲ, ಕಾಡಿನ ಬಗೆ. ಪೈನ್ ಬೆಳೆಯುವ ನೆಲ ಪೈನ್ ರಿಡ್ಜ್. ಕೊಹೂನ್ ತಾಳೆ ಬೆಳೆಯುವ ನೆಲ ಕೊಹೂನ್ ರಿಡ್ಜ್. ಎರಡರ ನಡುವಿನ ಕಲಬೆರಕೆ ಬ್ರೋಕನ್ ರಿಡ್ಜ್. ಸಮುದ್ರಕ್ಕಿಂತ ಐದು ಮೀಟರ್ ಮೇಲಿರುವ ಹುಲ್ಲುಬಯಲೂ ಪೈನ್ ರಿಡ್ಜೇ. ಮಹಾಗನಿ ಕಡಿಯುವವರ ಕಾಲದಿಂದ ಬಂದ ಈ ಮಾತು ನಮ್ಮ ಕೆಲಸಕ್ಕೆ ತುಂಬ ಒದಗುತ್ತದೆ, ಏಕೆಂದರೆ ಇದು ಮರದ ಹೆಸರಿನಲ್ಲಿ ಮಣ್ಣನ್ನು ಹೇಳುತ್ತದೆ. ಕೊಹೂನ್ ಕಂಡರೆ ಆಳವಾದ, ನೀರು ಬಸಿಯುವ, ಫಲವತ್ತಾದ ಮಣ್ಣು ಎಂದು ಬರೆದುಕೊಳ್ಳಿ. ಪೈನ್ ಕಂಡರೆ ಬಡ ಮರಳು.

ಒಂದನೆಯ ಪ್ರಶ್ನೆಗೂ ಅದೇ ಉತ್ತರ. ಎತ್ತರವನ್ನು ಮರೆತು ಕೆಳಗಿನ ಕಲ್ಲು ನೋಡಿ. ಮಾಯಾ ಬೆಟ್ಟಗಳ ಒಡಲು ಹಳೆಯದು: ಕಾರ್ಬಾನಿಫೆರಸ್–ಪರ್ಮಿಯನ್ ಕಾಲದ ಸಾಂಟಾ ರೋಸಾ ಗುಂಪಿನ ಸ್ಲೇಟ್, ಮರಳುಗಲ್ಲು, ಅವುಗಳ ಜೊತೆಗೆ ಗ್ರಾನೈಟ್. ಗ್ರಾನೈಟ್ ಮುಖ್ಯವಾಗಿ ಮೂರು ಕಡೆ ಹೊರಗೆ ಕಾಣುತ್ತದೆ: ಮೌಂಟನ್ ಪೈನ್ ರಿಡ್ಜ್, ಹಮ್ಮಿಂಗ್‌ಬರ್ಡ್, ಕಾಕ್ಸ್‌ಕೋಂಬ್. ಈ ಹಳೆಯ ಒಡಲನ್ನು ಸುತ್ತುವರಿದು ಕ್ರಿಟೇಶಿಯಸ್ ಕಾಲದ ಸುಣ್ಣದಕಲ್ಲು ಇದೆ. ಗ್ರಾನೈಟ್ ಕೊಳೆತರೆ ಉಳಿಯುವುದು ಸ್ಫಟಿಕದ ಮರಳು, ಆಮ್ಲೀಯ, ಪೋಷಕಾಂಶ ಕಡಿಮೆ. ಅಲ್ಲಿ ಅಗಲೆಲೆಯ ಮರ ಸೋಲುತ್ತದೆ, ಕೆರಿಬಿಯನ್ ಪೈನ್ ಗೆಲ್ಲುತ್ತದೆ. ಅದೇ ಮರಳನ್ನು ಹೊಳೆಗಳು ಸಾವಿರಾರು ವರ್ಷ ಹೊತ್ತು ತಂದು ದಡದ ಬಯಲಿನಲ್ಲಿ ಹರಡಿವೆ. ಅಂದರೆ ತಗ್ಗಿನ ಪೈನ್ ನಿಂತಿರುವುದೂ ಬೆಟ್ಟದ ಮರಳಿನ ಮೇಲೆಯೇ, ಜಾಗ ಮಾತ್ರ ಬೇರೆ. ನಡುವೆ ಸುಣ್ಣದಕಲ್ಲು ಬಂದ ಕಡೆ ಜೇಡಿಮಣ್ಣು, ಕೊಹೂನ್, ಮಹಾಗನಿ, ಸಪೋಟಾ.

ಬಯಲಿನ ಪೈನ್ ನೆಲವನ್ನು ಅರ್ಧ ಮೀಟರ್ ಅಗೆದು ನೋಡಿದರೆ ಕಾರಣ ಕೈಗೇ ಸಿಗುತ್ತದೆ. ಮೇಲೆ ಬೂದುಬಣ್ಣದ ಸಣ್ಣ ಮರಳು, ಹಿಡಿದರೆ ಬೆರಳ ಸಂದಿಯಿಂದ ಜಾರುತ್ತದೆ. ಅದರ ಕೆಳಗೆ ಒಮ್ಮೆಲೇ ಗಟ್ಟಿ ಜೇಡಿ, ಬೂದಿಯಲ್ಲಿ ಕೆಂಪು–ಹಳದಿ ಮಚ್ಚೆ. ಆ ಮಚ್ಚೆಯೇ ಸಾಕ್ಷಿ: ವರ್ಷದಲ್ಲಿ ಕೆಲವು ತಿಂಗಳು ನೀರು ನಿಂತು ಉಸಿರುಕಟ್ಟುತ್ತದೆ, ಕೆಲವು ತಿಂಗಳು ಗಾಳಿಯಾಡಿ ಕಬ್ಬಿಣ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ನೀರು ಜೇಡಿಯ ಮೇಲೆಯೇ ನಿಂತು ಬೇರು ಮುಳುಗುತ್ತದೆ, ಏಪ್ರಿಲ್‌ನಲ್ಲಿ ಅದೇ ಪದರ ಇಟ್ಟಿಗೆಯ ಹಾಗೆ ಬಿಗಿಯುತ್ತದೆ. ಎರಡನ್ನೂ ತಾಳುವ ಗಿಡ ಬೆರಳೆಣಿಕೆಯಷ್ಟು: ಪೈನ್, ಓಕ್, ಕ್ರಾಬೂ, ಎಲೆಯಿಂದಲೇ ಪಾತ್ರೆ ಉಜ್ಜಬಹುದಾದ ಸ್ಯಾಂಡ್‌ಪೇಪರ್ ಮರ, ಗುಂಪಾಗಿ ಬೆಳೆಯುವ ಪಾಮೆಟ್ಟೊ ತಾಳೆ. ಮೇಲೆ ಬೆಂಕಿ ಬೇರೆ. ದಪ್ಪ ತೊಗಟೆಯ ಬಲಿತ ಪೈನ್ ಹುಲ್ಲಿನ ಬೆಂಕಿ ತಡೆಯುತ್ತದೆ, ಸಸಿ ತಡೆಯುವುದಿಲ್ಲ. ವರ್ಷವರ್ಷವೂ ಸುಟ್ಟರೆ ಬರೀ ಹುಲ್ಲು ಉಳಿಯುತ್ತದೆ. ಬಹಳ ಕಾಲ ಸುಡದೇ ಬಿಟ್ಟರೆ ಓಕ್, ಪೊದೆ ಒತ್ತರಿಸಿ ಬರುತ್ತವೆ.

ಅಡ್ಡಕೊಯ್ತದಲ್ಲಿ ಮರದ ಚಿತ್ರ ಬರೆಯುವುದಾದರೆ ಒಂದು ಎಚ್ಚರಿಕೆ. ಮೌಂಟನ್ ಪೈನ್ ರಿಡ್ಜ್‌ಗೆ 1999ರ ಹೊತ್ತಿಗೆ ಸದರ್ನ್ ಪೈನ್ ದುಂಬಿಯ ಪಿಡುಗು ತಗಲಿ, ಮುಂದಿನ ಕೆಲವೇ ವರ್ಷಗಳಲ್ಲಿ ಪೈನ್ ಕಾಡಿನ ಬಹುಪಾಲು ಒಣಗಿಹೋಯಿತು. ದುಂಬಿ ತೊಗಟೆಯಡಿ ಕೊರೆದು ಮರದ ರಸದ ದಾರಿಯನ್ನೇ ಕಡಿಯುತ್ತದೆ. ಒತ್ತೊತ್ತಾಗಿ, ಒಂದೇ ಪ್ರಾಯಕ್ಕೆ ಬೆಳೆದ ಮರಗಳಿದ್ದರೆ ಮರದಿಂದ ಮರಕ್ಕೆ ದಾಟುವುದು ಸುಲಭ. ಈಗ ಇರುವುದು ಬಹುತೇಕ ಅದರ ನಂತರ ಎದ್ದ ಮರ. ಅದಕ್ಕಿಂತ ಹಳೆಯ ಸಸ್ಯನಕ್ಷೆಯಲ್ಲಿ ಗಡಿರೇಖೆ ಸರಿ ಇರುತ್ತದೆ, ಮರದ ಎತ್ತರ ನಂಬಬೇಡಿ.

ಮಳೆಮಾಪಕ:

ಮಳೆಯ ಎರಡು ಅಂಕಿಯೂ ಸರಿ. 1,350 ಉತ್ತರದ ಕೊರೊಸಾಲ್ ಕಡೆಯದು, 4,500 ದಕ್ಷಿಣದ ತುದಿಯ ಟೊಲೆಡೊ ಜಿಲ್ಲೆಯದು. ದೇಶದ ಉದ್ದ ಸುಮಾರು 290 ಕಿ.ಮೀ., ಅಷ್ಟರಲ್ಲೇ ಮೂರು ಪಟ್ಟಿಗೂ ಮೀರಿದ ವ್ಯತ್ಯಾಸ.

ಗಾಳಿ ಎರಡೂ ಕಡೆ ಒಂದೇ: ಕೆರಿಬಿಯನ್ ಮೇಲಿಂದ ಬರುವ ಈಶಾನ್ಯ ವಾಣಿಜ್ಯ ಮಾರುತ. ಉತ್ತರ ಭಾಗ ಯುಕಟಾನ್ ಸುಣ್ಣದಕಲ್ಲಿನ ಚಪ್ಪಟೆ ಹಾಸು, ಗಾಳಿಯನ್ನು ಮೇಲಕ್ಕೆತ್ತುವುದಕ್ಕೆ ಅಲ್ಲಿ ಏನೂ ಇಲ್ಲ, ಮೋಡ ಹಾದುಹೋಗುತ್ತದೆ. ದಕ್ಷಿಣದಲ್ಲಿ ಮಾಯಾ ಬೆಟ್ಟ ಅಡ್ಡ ನಿಂತಿದೆ, ಜೊತೆಗೆ ಹೊಂಡುರಾಸ್ ಕೊಲ್ಲಿಯ ಮೂಲೆಯಲ್ಲಿ ತೇವದ ಗಾಳಿ ಬಂದು ಸಿಕ್ಕಿಹಾಕಿಕೊಳ್ಳುತ್ತದೆ. ಮಳೆಗಾಲವೂ ದಕ್ಷಿಣದಿಂದ ಉತ್ತರಕ್ಕೆ ಹತ್ತುತ್ತದೆ. ಟೊಲೆಡೊದಲ್ಲಿ ಮೇ ತಿಂಗಳಲ್ಲೇ ಶುರು, ಉತ್ತರಕ್ಕೆ ಮುಟ್ಟುವಾಗ ಜೂನ್. ಒಣಗಾಲ ಫೆಬ್ರವರಿಯಿಂದ ಮೇವರೆಗೆ ಎಂದು ಬರೆಯುತ್ತಾರೆ, ಆದರೆ ದಕ್ಷಿಣದಲ್ಲಿ ಅದು ಇನ್ನೂ ಕಿರಿದು. ಆಗಸ್ಟ್‌ನಲ್ಲಿ ಮಳೆ ಸ್ವಲ್ಪ ದಿನ ಬಿಡುವು ಕೊಡುತ್ತದೆ, ಅದಕ್ಕೆ ಅಲ್ಲಿ 'ಮಾಗರ್' ಕಾಲ ಎನ್ನುತ್ತಾರೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಉತ್ತರ ಅಮೆರಿಕದ ಶೀತಗಾಳಿ ಆಗಾಗ ಇಳಿದು ಬರುತ್ತದೆ, ಸಮುದ್ರ ಕೆರಳುತ್ತದೆ. ಅದು 'ನಾರ್ದರ್'. ಬೇಸಿಗೆಯಲ್ಲಿ ಹೊರಡದ ದೋಣಿ ಒಂದೂ ಇರುವುದಿಲ್ಲ, ನಾರ್ದರ್ ಬಂದ ದಿನ ಒಂದೂ ಹೊರಡುವುದಿಲ್ಲ.

ನಿಮ್ಮ ಗೆರೆ ದೇಶದ ನಡುಭಾಗದ್ದು. ಬೆಲೀಜ್ ಸಿಟಿಯ ಆಸುಪಾಸು ವರ್ಷಕ್ಕೆ ಸುಮಾರು 2,000 ಮಿ.ಮೀ., ಅದನ್ನು ದಡದ ಅಂಕಿ ಎಂದಿಟ್ಟುಕೊಳ್ಳಿ. ಅಲ್ಲಿಂದ ಗಡಿವರೆಗೆ ಸ್ಕೇಲಿಟ್ಟು ನೇರ ಗೆರೆ ಎಳೆಯುವ ತಪ್ಪು ಮಾತ್ರ ಮಾಡಬೇಡಿ. ಗಾಳಿಗೆ ಮುಖ ಕೊಟ್ಟ ಪೂರ್ವದ ಇಳಿಜಾರಿನಲ್ಲಿ ಮಳೆ ಏರುತ್ತದೆ, ಬೆಟ್ಟದ ಬೆನ್ನಿನ ಹಿಂದೆ ಇಳಿಯುತ್ತದೆ. ಮಳೆಯ ಪಟ್ಟಿಯನ್ನು ಗುಡ್ಡದ ಆಕಾರದ ಹಾಗೇ ಉಬ್ಬಿಸಿ.

ಸುಣ್ಣಕಲ್ಲು ಅವರ ಮಾತಿಗೆ ಒಂದು ತಿದ್ದುಪಡಿ. ಕಲ್ಲೇ ಎಲ್ಲವೂ ಅಲ್ಲ. ಅದೇ ಗ್ರಾನೈಟ್ ಕಾಕ್ಸ್‌ಕೋಂಬ್ ಕಡೆಯೂ ಇದೆ, ಅಲ್ಲಿ ಅಗಲೆಲೆಯ ಕಾಡು ದಟ್ಟವಾಗಿಯೇ ಇದೆ. ಮಳೆ ಹೆಚ್ಚು, ಒಣಗಾಲ ಕಡಿಮೆ, ಬೆಂಕಿ ಹಬ್ಬುವುದು ಕಷ್ಟ. ಬಡ ಮರಳು, ಉದ್ದ ಒಣಗಾಲ, ಬೆಂಕಿ ಈ ಮೂರೂ ಕೂಡಿದ ಕಡೆ ಮಾತ್ರ ಪೈನ್.

ಸುಣ್ಣಕಲ್ಲು:

ಒಪ್ಪಿದೆ. ಕಾಕ್ಸ್‌ಕೋಂಬ್ ನನ್ನ ವಾದಕ್ಕೆ ಸರಿಯಾದ ಪೆಟ್ಟು.

ಗೆರೆಗಾರ:

ನಾಲ್ಕನೆಯ ಪ್ರಶ್ನೆ ನನ್ನ ಪಾಲಿಗಿರಲಿ.

ಬ್ಲೂ ಹೋಲ್‌ನಿಂದ ಗಡಿವರೆಗೆ ನಿಮ್ಮ ಗೆರೆ 175 ಕಿ.ಮೀ. ಆಸುಪಾಸು. A3 ಹಾಳೆ 42 ಸೆಂ.ಮೀ. ಅಗಲ. ಅಡ್ಡಕ್ಕೆ 1 ಸೆಂ.ಮೀ.ಗೆ 5 ಕಿ.ಮೀ. ಇಟ್ಟರೆ ಗೆರೆ 35 ಸೆಂ.ಮೀ., ಎರಡೂ ಬದಿ ಅಂಚು ಉಳಿಯುತ್ತದೆ. ಇದೇ ಪ್ರಮಾಣವನ್ನು ಎತ್ತರಕ್ಕೂ ಇಟ್ಟರೆ ಸಾವಿರ ಮೀಟರಿನ ಬೆಟ್ಟ 2 ಮಿ.ಮೀ., ಕಾಣದಿರುವುದು ಸಹಜ. ಎತ್ತರಕ್ಕೆ 1 ಸೆಂ.ಮೀ.ಗೆ 250 ಮೀಟರ್ ಇಡಿ. ಆಗ ಎಳೆತ 20 ಪಟ್ಟು. ನಿಮ್ಮ ಗೆರೆಯ ಹತ್ತಿರದ ಎತ್ತರದ ಜಾಗ ಬಾಲ್ಡಿ ಬೀಕನ್, ಸಾವಿರ ಮೀಟರ್ ಚಿಲ್ಲರೆ, 4 ಸೆಂ.ಮೀ. ಆಗುತ್ತದೆ. ದೇಶದ ಅತಿ ಎತ್ತರದ ಡಾಯ್ಲ್ಸ್ ಡಿಲೈಟ್ (1,124 ಮೀ.) ಈ ಗೆರೆಗೆ ಬಹಳ ದಕ್ಷಿಣದಲ್ಲಿದೆ. ಚಂದಕ್ಕೆಂದು ಅದನ್ನು ಎಳೆದು ತಂದು ಕೂರಿಸಬೇಡಿ, ವಿಕ್ಟೋರಿಯಾ ಪೀಕ್ (1,120 ಮೀ.) ಕೂಡ ಹಾಗೆಯೇ ಬೇಡ.

20 ಪಟ್ಟು ಎಳೆದಾಗ 5 ಡಿಗ್ರಿಯ ಸಾಧು ಇಳಿಜಾರು ಹಾಳೆಯ ಮೇಲೆ 60 ಡಿಗ್ರಿಯ ಗೋಡೆಯಾಗುತ್ತದೆ. ಹಾಳೆಯ ಮೂಲೆಯಲ್ಲಿ 'ಎತ್ತರ 20 ಪಟ್ಟು' ಎಂದು ದೊಡ್ಡದಾಗಿ ಬರೆಯದಿದ್ದರೆ ನೋಡಿದವರು ಬೆಲೀಜನ್ನು ಆಂಡಿಸ್ ಅಂದುಕೊಂಡಾರು.

ಕೆಲಸದ ಕ್ರಮ ಹೀಗೆ. ನಕ್ಷೆಯ ಗೆರೆಯುದ್ದಕ್ಕೂ ಕಾಗದದ ಪಟ್ಟಿ ಇಟ್ಟು, ಪ್ರತಿ ಸಮೋನ್ನತಿ ರೇಖೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ದಾಟುವಲ್ಲಿ ಗುರುತು ಮಾಡಿ, ಪಕ್ಕದಲ್ಲೇ ಎತ್ತರ ಬರೆಯಿರಿ. ಅಡಿಯೋ ಮೀಟರೋ ಮೊದಲೇ ನೋಡಿಕೊಳ್ಳಿ. ಸಮುದ್ರದ ಹಾಳೆಯಲ್ಲಿ ಆಳ ಫ್ಯಾದಮ್‌ನಲ್ಲಿದ್ದರೆ 1.83ರಿಂದ ಗುಣಿಸಿ. ದಡದಲ್ಲಿ ಸೊನ್ನೆ ಹಿಡಿದು ಮೇಲೆ ಕೆಳಗೆ ಎರಡೂ ಕಡೆ ಇಳಿಸಿ. ಕೊನೆಗೆ ಬಿಂದುಗಳನ್ನು ಸೇರಿಸುವಾಗ ಕೈಯಿಂದ ಸೇರಿಸಿ. ಕಾರ್ಸ್ಟ್ (ನೀರು ಕರಗಿಸಿ ಕೊರೆದ ಸುಣ್ಣದಕಲ್ಲಿನ) ಗುಡ್ಡಗಳಿರುವ ಕಡೆ ಗೆರೆ ನುಣುಪಾಗಿ ಹರಿಯಬಾರದು. ಅಲ್ಲಿ ನೆಲ ಚಪ್ಪಟೆ, ಅದರ ಮೇಲೆ ಕಾಳಿನ ರಾಶಿ ಸುರಿದ ಹಾಗೆ ಕಡಿದಾದ ಗುಡ್ಡ.

ಉಪಗ್ರಹದ ಎತ್ತರದ ಮಾಹಿತಿ ಬಳಸುವವರು ಬೀಳುವ ಗುಂಡಿ ಒಂದಿದೆ. ಫೆಬ್ರವರಿ 2000ದಲ್ಲಿ ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದ SRTM ಎತ್ತರ ಬರಿನೆಲದ್ದಲ್ಲ, ಮರದ ತಲೆಯ ಕಡೆಗೆ ವಾಲಿದ್ದು. ಬೆಟ್ಟದಲ್ಲಿ ಹತ್ತಿಪ್ಪತ್ತು ಮೀಟರ್ ಹೆಚ್ಚಾದರೆ ಹಾಳೆಯ ಮೇಲೆ ಒಂದು ಮಿ.ಮೀ.ಗೂ ಕಡಿಮೆ, ಪರವಾಗಿಲ್ಲ. ದಡದಲ್ಲಿ ಮಾತ್ರ ಎಡವಟ್ಟು. ನೆಲ ಒಂದು ಮೀಟರೂ ಇಲ್ಲದ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಮರ ಎಂಟು ಮೀಟರ್ ಇದ್ದರೆ ದಡದುದ್ದಕ್ಕೂ ಇಲ್ಲದ ಒಡ್ಡು ಎದ್ದು ನಿಲ್ಲುತ್ತದೆ. ಅಲ್ಲಿ ಯಂತ್ರದ ಅಂಕಿ ಅಳಿಸಿ ಕೈಯಾರೆ ಸೊನ್ನೆಗೆ ಇಳಿಸಿ. ದಡ ನಿಜಕ್ಕೂ ಅಷ್ಟು ತಗ್ಗು. 1961ರ ಅಕ್ಟೋಬರ್ 31ರಂದು ಹ್ಯಾಟಿ ಚಂಡಮಾರುತದ ಉಬ್ಬರ ಬೆಲೀಜ್ ಸಿಟಿಯೊಳಗೆ ನುಗ್ಗಿದ ಮೇಲೆ ರಾಜಧಾನಿಯನ್ನು ಒಳನಾಡಿನ ಬೆಲ್ಮೋಪಾನ್‌ಗೆ ಒಯ್ದರು, 1970ರಲ್ಲಿ. ಬೆಲ್ಮೋಪಾನ್ ಇರುವುದು ಬೆಲೀಜ್ ಸಿಟಿಯಿಂದ ರಸ್ತೆಯಲ್ಲಿ ಸುಮಾರು 80 ಕಿ.ಮೀ. ದೂರ, 76 ಮೀಟರ್ ಎತ್ತರದಲ್ಲಿ. ನಿಮ್ಮ ಹಾಳೆಯಲ್ಲಿ 3 ಮಿ.ಮೀ.

ಇನ್ನು ಸಮುದ್ರ. ದಡಕ್ಕೂ ಬ್ಯಾರಿಯರ್ ರೀಫ್‌ಗೂ ನಡುವಿನ ಲಗೂನನ್ನು ಎಲ್ಲರೂ ಬಟ್ಟಲಿನ ಹಾಗೆ ಬರೆಯುತ್ತಾರೆ. ಅದು ತಟ್ಟೆ. ಉತ್ತರದಲ್ಲಿ ಎರಡು ಮೂರು ಮೀಟರ್ ಆಳ, ದಕ್ಷಿಣಕ್ಕೆ ಹೋದಂತೆ ಆಳವಾಗುತ್ತದೆ, ನಿಮ್ಮ ಗೆರೆಯಲ್ಲಿ ಪೆನ್ಸಿಲ್ ಗೆರೆಯ ದಪ್ಪಕ್ಕಿಂತ ಹೆಚ್ಚೇನೂ ಇಲ್ಲ. ರೀಫ್ ದಾಟಿದ ಕೂಡಲೇ ತಳ ಧುಮುಕುತ್ತದೆ. ಟರ್ನೆಫ್, ಲೈಟ್‌ಹೌಸ್ ಎರಡೂ ಅಟಾಲ್‌ಗಳು ಬೇರೆ ಬೇರೆ ಮುಳುಗು ಏಣುಗಳ ನೆತ್ತಿಯಲ್ಲಿ ಕೂತಿವೆ, ನಡುವೆ ನೂರಾರು ಮೀಟರ್ ಆಳದ ಕಣಿವೆ. ಪೆಸಿಫಿಕ್‌ನ ಅಟಾಲ್‌ಗಳ ಹಾಗೆ ಜ್ವಾಲಾಮುಖಿ ಮುಳುಗಿ ಆದದ್ದಲ್ಲ. ನೆಲದ ತುಂಡುಗಳು ಸ್ತರಭಂಗದ (ಬಂಡೆಯ ಉದ್ದನೆಯ ಬಿರುಕಿನ) ಗುಂಟ ಜಾರಿ, ಎದ್ದು ಉಳಿದ ಏಣಿನ ಮೇಲೆ ಹವಳ ಬೆಳೆದದ್ದು. ಕೆಳಗೆ ಕಪ್ಪು ಬಸಾಲ್ಟ್ ಬಣ್ಣ ತುಂಬಿದರೆ ಇಡೀ ಹಾಳೆಯೇ ತಪ್ಪು.

ಬ್ಲೂ ಹೋಲ್ ಅಡ್ಡ 300 ಮೀಟರಿಗೆ ಸ್ವಲ್ಪ ಹೆಚ್ಚು, ಆಳ 124 ಮೀಟರ್. ನಿಮ್ಮ ಪ್ರಮಾಣದಲ್ಲಿ ಅರ್ಧ ಮಿ.ಮೀ. ಅಗಲ, 5 ಮಿ.ಮೀ. ಉದ್ದದ ಸೂಜಿ. ಅದನ್ನು ಮೂಲೆಯಲ್ಲಿ ಬೇರೆ ಚೌಕ ಹಾಕಿ 1:5,000ದಲ್ಲಿ, ಎಳೆತವಿಲ್ಲದೆ ಬರೆಯಿರಿ: ಸುಮಾರು 6 ಸೆಂ.ಮೀ. ಅಗಲ, 2.5 ಸೆಂ.ಮೀ. ಆಳ. ಎಲ್ಲರೂ ಬಾವಿ ಅಂದುಕೊಂಡದ್ದು ಅಲ್ಲಿ ಅಗಲ ಬಾಣಲೆಯಾಗಿ ಕಾಣುತ್ತದೆ. ಸುಮಾರು 40 ಮೀಟರ್ ಆಳದಲ್ಲಿ ಗೋಡೆ ಒಳಕ್ಕೆ ಸರಿದು ಚಾವಣಿಯಾಗಿದೆ, ಅಲ್ಲಿಂದ ಸುಣ್ಣ ತೊಟ್ಟಿಕ್ಕಿ ಗಟ್ಟಿಯಾದ ಕಡ್ಡಿಗಳಾದ ಸ್ಟ್ಯಾಲಕ್ಟೈಟ್‌ಗಳು ಇಳಿಬಿದ್ದಿವೆ. ಸ್ಟ್ಯಾಲಕ್ಟೈಟ್ ನೀರಿನೊಳಗೆ ಬೆಳೆಯುವುದಿಲ್ಲ, ಗಾಳಿಯಿರುವ ಗವಿಯಲ್ಲಿ ತೊಟ್ಟಿಕ್ಕಿ ಬೆಳೆಯುತ್ತದೆ. ಅಂದರೆ ಹಿಮಯುಗದಲ್ಲಿ ಕಡಲಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಇಳಿದಿದ್ದಾಗ ಇದು ಒಣ ಸುಣ್ಣದ ಗವಿ, ಆಮೇಲೆ ಚಾವಣಿ ಕುಸಿಯಿತು, ಕಡಲು ಏರಿ ತುಂಬಿತು. ಆ 120 ಮೀಟರಿನ ಮಟ್ಟವನ್ನು ಹಾಳೆಯುದ್ದಕ್ಕೂ ಚುಕ್ಕೆಗೆರೆಯಾಗಿ ಎಳೆಯಿರಿ, 4.8 ಮಿ.ಮೀ. ಕೆಳಗೆ. ಇಡೀ ಲಗೂನು ಆಗ ಒಣನೆಲವಾಗಿತ್ತು ಎನ್ನುವುದು ಒಂದೇ ಗೆರೆಯಲ್ಲಿ ತಿಳಿದುಬಿಡುತ್ತದೆ.

ಕಾಂಡ್ಲಾಬೇರು:

ದಡದ ಕಾಂಡ್ಲಾವನ್ನು ಒಂದೇ ಹಸಿರು ಪಟ್ಟಿ ಮಾಡಿ ಮುಗಿಸಬೇಡಿ. ಬೆಲೀಜಿನಲ್ಲಿ ಉಬ್ಬರವಿಳಿತ ಅರ್ಧ ಮೀಟರೂ ಇಲ್ಲ. ಹಾಗಾಗಿ ನೆಲ ಕೆಲವೇ ಸೆಂ.ಮೀ. ಏರಿದರೂ ಮರ ಬದಲಾಗುತ್ತದೆ. ನೀರಂಚಿನಲ್ಲಿ ಬಿಳಲು ಊರಿದ ಕೆಂಪು ಕಾಂಡ್ಲಾ. ಹಿಂದೆ, ಕೆಸರಿನಿಂದ ಪೆನ್ಸಿಲ್ ಹಾಗೆ ಉಸಿರುಬೇರು ಎತ್ತುವ ಕಪ್ಪು ಕಾಂಡ್ಲಾ. ಅದಕ್ಕೂ ಹಿಂದೆ ಬಿಳಿ ಕಾಂಡ್ಲಾ.

ರೀಫ್ ಹಿಂದಿನ ಕೇಗಳಲ್ಲಿ ಇನ್ನೊಂದು ವಿಚಿತ್ರ ಇದೆ (ಅಲ್ಲಿ ಕಿರುದ್ವೀಪಕ್ಕೆ ಕೇ ಎನ್ನುತ್ತಾರೆ, ಉಚ್ಚಾರ 'ಕೀ'). ಟ್ವಿನ್ ಕೇಸ್‌ನಂಥ ಕಡೆ ಅಂಚಿನ ಕೆಂಪು ಕಾಂಡ್ಲಾ ಐದಾರು ಮೀಟರ್, ಒಳಗೆ ಅದೇ ಜಾತಿ, ಅದೇ ವಯಸ್ಸಿನ ಮರ ಸೊಂಟದೆತ್ತರ. ರೋಗವಲ್ಲ, ರಂಜಕದ ಕೊರತೆ. ಆ ಕೇಗಳ ಕೆಳಗೆ ಬಂಡೆಗೆ ಮುಂಚೆ ಹಲವು ಮೀಟರ್ ಪೀಟ್ ಇದೆ, ಕಾಂಡ್ಲಾದ್ದೇ ಬೇರು ಕೊಳೆಯದೆ ಕೂಡಿದ್ದು. ಏರುವ ಕಡಲಿನ ಜೊತೆ ಕಾಡು ತನ್ನ ನೆಲವನ್ನು ತಾನೇ ಏರಿಸಿಕೊಂಡು ಬಂದಿದೆ. ಮರ ಕಡಿದು ಮರಳು ತುಂಬಿಸಿದರೆ ಪೀಟ್ ಕುಗ್ಗುತ್ತದೆ, ದ್ವೀಪ ಇಳಿಯುತ್ತದೆ, ಅಂಚು ಕೊರೆಯುತ್ತದೆ.

ಗೇಲ್ಸ್ ಪಾಯಿಂಟ್ ಹತ್ತಿರ ನಿಮ್ಮ ಗೆರೆ ಸದರ್ನ್ ಲಗೂನನ್ನು ದಾಟುತ್ತದೆ. ಅದು ಸಮುದ್ರದ ಲಗೂನಲ್ಲ, ದಡದೊಳಗಿನ ಅಳಿವೆ ನೀರು, ಮ್ಯಾನಟೀ ಎಂಬ ಕಡಲಹಸುಗಳ ಠಾವು. ಎರಡಕ್ಕೂ ಹೆಸರು ಲಗೂನೇ, ಬೇರೆ ಬಣ್ಣ ಕೊಡಿ.

ನಕ್ಷೆಪೆಟ್ಟಿಗೆ:

ಎಲ್ಲರಿಗೂ ಧನ್ಯವಾದ. 120 ಮೀಟರಿನ ಚುಕ್ಕೆಗೆರೆ ಹಾಕಿದ ಕೂಡಲೇ ಹಾಳೆಗೆ ಜೀವ ಬಂತು. ಮುಂದಿನ ಪ್ರಶ್ನೆ: ಇದೇ ಗೆರೆಯನ್ನು ಸ್ಥಳದಲ್ಲಿ ಪರಿಶೀಲಿಸಲು ಎಂಟು ಜನರ ತಂಡ ಏಪ್ರಿಲ್‌ನಲ್ಲಿ ಒಂಬತ್ತು ದಿನ ಹೋಗಬಹುದು. ಗ್ರಾನೈಟ್–ಸುಣ್ಣದಕಲ್ಲಿನ ಗಡಿ ಕಣ್ಣಾರೆ ಕಾಣುವ ಜಾಗ ಯಾವುದು? ಏಪ್ರಿಲ್ ಸರಿಯೇ?

ದಾರಿಬುತ್ತಿ:

ಗೆರೆಯ ಮೇಲೆ ನೇರ ನಡೆಯಲು ಆಗುವುದಿಲ್ಲ, ರಸ್ತೆ ಸುತ್ತಿಸುತ್ತದೆ. ಸಮುದ್ರಕ್ಕೆ ಎರಡು ದಿನ, ದಡಕ್ಕೆ ಒಂದು, ಹಮ್ಮಿಂಗ್‌ಬರ್ಡ್ ಹೆದ್ದಾರಿಗೆ ಎರಡು, ಬೆಟ್ಟಕ್ಕೆ ಮೂರು, ಒಂದು ಕೈಯಲ್ಲಿರಲಿ.

ಗಡಿ ಕಾಣುವ ಜಾಗ ಮೌಂಟನ್ ಪೈನ್ ರಿಡ್ಜ್‌ನಲ್ಲೇ ಇದೆ. ರಿಯೊ ಆನ್ ಪೂಲ್ಸ್‌ನಲ್ಲಿ ಹೊಳೆ ನುಣ್ಣನೆ ಗ್ರಾನೈಟ್ ಗುಂಡುಗಳ ಮೇಲೆ ಇಳಿಯುತ್ತದೆ. ಅಲ್ಲಿಂದ ಕೆಲವೇ ಕಿ.ಮೀ. ದೂರದ ರಿಯೊ ಫ್ರಿಯೊ ಗವಿಗೆ ಹೋದರೆ ಸುಣ್ಣದಕಲ್ಲು, ಹೊಳೆ ಗುಡ್ಡವನ್ನು ಆರಪಾರ ಕೊರೆದಿದೆ. ಇವೆರಡರ ನಡುವೆ ರಸ್ತೆಯಲ್ಲಿ ಬರುವಾಗ ಪೈನ್ ಪಟ್ಟನೆ ನಿಂತು ಅಗಲೆಲೆಯ ಕಾಡು ಶುರುವಾಗುತ್ತದೆ. ಗಾಡಿ ನಿಲ್ಲಿಸಿ ರಸ್ತೆ ಕಡಿದ ಮಗ್ಗುಲು ನೋಡಿ: ಮರಳು ಹೋಗಿ ಜೇಡಿ ಬಂದಿರುತ್ತದೆ. ಪರೀಕ್ಷೆಗೆ ಹೈಡ್ರೋಕ್ಲೋರಿಕ್ ಆಮ್ಲ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ವಿನಿಗರ್ ಸಾಕು. ಆದರೆ ಕಲ್ಲಿನ ಮೇಲೆ ಹಾಗೇ ಸುರಿದರೆ ವಿನಿಗರ್‌ಗೆ ನೊರೆ ಬರುವುದು ನಿಧಾನ. ಉದುರಿದ ಚೂರನ್ನು ಚಾಕುವಿನಿಂದ ಹೆರೆದು, ಆ ಪುಡಿಯ ಮೇಲೆ ನಾಲ್ಕು ಹನಿ ಬಿಡಿ, ಕಿವಿ ಹತ್ತಿರ ಹಿಡಿದರೆ ಚುರುಚುರು ಕೇಳುತ್ತದೆ. ಇದು ಕಾದಿಟ್ಟ ಅರಣ್ಯ, ಬಂಡೆ ಒಡೆಯುವಂತಿಲ್ಲ. ಮಾದರಿ ಮನೆಗೆ ತರುವ ಯೋಚನೆ ಇದ್ದರೆ ಮೊದಲೇ ಬರವಣಿಗೆಯಲ್ಲಿ ಅನುಮತಿ ಪಡೆಯಿರಿ.

ಇನ್ನೂ ಪಶ್ಚಿಮಕ್ಕೆ ವಾಕಾ ಪ್ರಸ್ಥಭೂಮಿ. ಅಲ್ಲಿ ಮೇಲ್ಮೈ ಹೊಳೆ ಹುಡುಕಿದರೆ ಸಿಗುವುದು ಅಪರೂಪ, ನೀರೆಲ್ಲ ಸುಣ್ಣದಕಲ್ಲಿನೊಳಗೆ. ಬೆಟ್ಟದ ಹಳೆಯ ಕಲ್ಲಿನ ಮೇಲೆ ಹುಟ್ಟಿ ಬರುವ ಚಿಕಿಬುಲ್ ಹೊಳೆ ಸುಣ್ಣದಕಲ್ಲು ಮುಟ್ಟಿದ ಮೇಲೆ ನೆಲದಡಿ ಮುಳುಗುತ್ತದೆ. ಆ ಗವಿಸಾಲು ಮಧ್ಯ ಅಮೆರಿಕದಲ್ಲಿ ಗೊತ್ತಿರುವುದರಲ್ಲಿ ಅತಿ ಉದ್ದದ್ದು. ಕರಕೋಲ್‌ನ (ಅಲ್ಲಿನ ಪ್ರಾಚೀನ ನಗರ) ಮಾಯಾ ಜನ ಮಳೆನೀರಿಗೆ ಕೆರೆ ಕಟ್ಟಿಕೊಂಡದ್ದು ಇದೇ ಕಾರಣಕ್ಕೆ.

ಆಕ್ಟುನ್ ತುನಿಚಿಲ್ ಮುಕ್ನಾಲ್ ಗವಿ ನೋಡುವುದಾದರೆ ಪರವಾನಗಿ ಇರುವ ಗೈಡ್ ಇಲ್ಲದೆ ಬಿಡುವುದಿಲ್ಲ. ಪ್ರವಾಸಿಯೊಬ್ಬರ ಕ್ಯಾಮೆರಾ ಬಿದ್ದು ಅಲ್ಲಿದ್ದ ಪ್ರಾಚೀನ ಮಾಯಾ ತಲೆಬುರುಡೆ ಒಡೆದ ಮೇಲೆ, 2012ರಿಂದ, ಕ್ಯಾಮೆರಾ ನಿಷೇಧ. ಒಳಗಿನ ಒಣ ಕೋಣೆಯಲ್ಲಿ ಬೂಟು ಕಳಚಿ ಬರೀ ಕಾಲುಚೀಲದಲ್ಲಿ ನಡೆಯಬೇಕು, ಮರೆಯದೆ ಒಯ್ಯಿರಿ. ಗವಿಯ ಬಾಯಿಯಲ್ಲೇ ಈಜಬೇಕಾಗುತ್ತದೆ. ಮೇಲ್ಗಡೆ ಜೋರು ಮಳೆಯಾದರೆ ಮುಚ್ಚುತ್ತಾರೆ.

ಹಮ್ಮಿಂಗ್‌ಬರ್ಡ್ ಹೆದ್ದಾರಿಯಲ್ಲಿ ಸೇಂಟ್ ಹರ್ಮನ್ಸ್ ಬ್ಲೂ ಹೋಲ್ ಎಂದು ಫಲಕ ಕಂಡರೆ ಗಾಬರಿ ಬೇಡ, ಅದು ಒಳನಾಡಿನ ಇನ್ನೊಂದು ಬ್ಲೂ ಹೋಲ್, ಕುಸಿದ ಗುಂಡಿಯಲ್ಲಿ ನೆಲದಡಿಯ ಹೊಳೆ ಸ್ವಲ್ಪ ದೂರ ಬೆಳಕು ಕಾಣುವ ಜಾಗ. ಸಮುದ್ರದ್ದನ್ನೂ ಇದನ್ನೂ ಪಕ್ಕಪಕ್ಕ ಬರೆದರೆ ಒಂದೇ ಕ್ರಿಯೆಯ ಒಣ ರೂಪ, ಮುಳುಗಿದ ರೂಪ ಎರಡೂ ಸಿಗುತ್ತವೆ.

ಏಪ್ರಿಲ್‌ನ ಒಳ್ಳೆಯದು: ರಸ್ತೆ ಗಟ್ಟಿ, ಸಮುದ್ರ ಶಾಂತ, ಕ್ರೂಕೆಡ್ ಟ್ರೀ ಲಗೂನಿನ ನೀರು ಇಳಿದು ಜಬಿರು ಕೊಕ್ಕರೆಗಳು ಗುಂಪಾಗಿ ಸಿಗುತ್ತವೆ. ಕೆಟ್ಟದ್ದು: ಹೊಲ ಸುಡುವ ಕಾಲ, ಹೊಗೆ ಮುಸುಕಿ ದೂರದ ಬೆಟ್ಟ ಕಾಣುವುದಿಲ್ಲ. ಥೌಸಂಡ್ ಫೂಟ್ ಫಾಲ್ಸ್ ಕಣಿವೆಯಾಚೆಯಿಂದಲೇ ನೋಡಬೇಕಾದ ಜಲಪಾತ, ನೀರೂ ಸಣ್ಣ, ಹೊಗೆಯೂ ಅಡ್ಡ. ಹಾಗಾದ ದಿನ ಬೆಳಗ್ಗೆ ಬೇಗ ಹೋಗಿ. ಮತ್ತು ಜೇಡಿಯ ಮೇಲೆ ನೀರು ನಿಲ್ಲುವುದನ್ನು ನೋಡಬೇಕೆಂದರೆ ಏಪ್ರಿಲ್ ಆಗದು, ಮಚ್ಚೆ ನೋಡಿ ಊಹಿಸಿಕೊಳ್ಳಬೇಕು.

ಸಮುದ್ರದ ಎರಡು ದಿನದ ಕ್ರಮ ಮುಖ್ಯ. ಮೇಲಿನಿಂದ ಬ್ಲೂ ಹೋಲ್ ನೋಡುವ ಸಣ್ಣ ವಿಮಾನ ಮೊದಲು, ಡೈವ್ ಆಮೇಲೆ. ಡೈವ್ ಆದ ಕೂಡಲೇ ಎತ್ತರಕ್ಕೇರಿದರೆ ಮೈಯೊಳಗೆ ಅನಿಲದ ಗುಳ್ಳೆ ಏಳುವ ಅಪಾಯವಿದೆ, ಹಾಗಾಗಿ ತಿರುಗಾಮುರುಗಾ ಮಾಡಿದರೆ ಡೈವ್ ಮುಗಿದ ಮೇಲೆ ಕನಿಷ್ಠ 18 ಗಂಟೆ ಕಾಯಬೇಕಾಗುತ್ತದೆ. ಅದೇ ಕಾರಣಕ್ಕೆ ಡೈವ್ ಮಾಡಿದ ಮರುದಿನವೇ ಬೆಟ್ಟ ಹತ್ತದೆ ದಡದ ದಿನವನ್ನು ನಡುವೆ ಇಡಿ. ಸ್ಟ್ಯಾಲಕ್ಟೈಟ್ ಇರುವ 40 ಮೀಟರ್ ಹವ್ಯಾಸಿ ಡೈವಿಂಗ್‌ನ ಕೊನೆಯ ಮಿತಿ, 18 ಮೀಟರಿನ ಆರಂಭಿಕ ಪ್ರಮಾಣಪತ್ರ ಇರುವವರಿಗೆ ಅಲ್ಲ. ಡೈವ್ ಬಾರದವರಿಗೆ ದೋಣಿಯಿಂದ ಬರೀ ಕಡುನೀಲಿ ನೀರು. ಅವರು ಹಾಫ್ ಮೂನ್ ಕೇಯಲ್ಲಿ ಇಳಿದು ಕೆಂಗಾಲಿನ ಬೂಬಿ ಹಕ್ಕಿಗಳ ಗೂಡುಕಟ್ಟೆ ನೋಡುವುದು ಲೇಸು, 1982ರಿಂದ ನೈಸರ್ಗಿಕ ಸ್ಮಾರಕ ಎಂದು ರಕ್ಷಿತ ಜಾಗ ಅದು.

ರಸ್ತೆಯಲ್ಲಿ ದೂರ, ವೇಗ ಎಲ್ಲ ಮೈಲಿಯಲ್ಲಿ, ಗಾಡಿ ಬಲಬದಿಯಲ್ಲಿ. ಎರಡು ಬೆಲೀಜ್ ಡಾಲರಿಗೆ ಒಂದು ಅಮೆರಿಕನ್ ಡಾಲರ್, ದರ ಸ್ಥಿರ. ಯಾರಾದರೂ 'ನೂರು ಡಾಲರ್' ಎಂದರೆ ಯಾವ ಡಾಲರ್ ಎಂದು ಕೇಳಿಯೇ ತಲೆಯಾಡಿಸಿ.

ಸುಣ್ಣಕಲ್ಲು:

ಸುಣ್ಣದಕಲ್ಲಿನ ಕಾಡಿಗೆ ಇಳಿಯುವ ಮೊದಲು ಒಂದು ಮರ ಗುರುತಿಟ್ಟುಕೊಳ್ಳಿ: ಕಪ್ಪು ಪಾಯ್ಸನ್‌ವುಡ್. ತೊಗಟೆಯ ಮೇಲೆ ಟಾರು ಸೋರಿದ ಹಾಗೆ ಕಪ್ಪು ಕಲೆ ಇರುತ್ತದೆ. ಗೇರಿನ ಕುಟುಂಬದ್ದೇ ಮರ, ಗೇರುಬೀಜದ ಸೊನೆ ಸುಟ್ಟ ಹಾಗೇ ಇದರ ಸೊನೆಯೂ ಚರ್ಮ ಸುಡುತ್ತದೆ, ಗುಳ್ಳೆ ಏಳುವುದು ಒಂದೆರಡು ದಿನ ಬಿಟ್ಟು. ಇಳಿಜಾರಿನಲ್ಲಿ ಜಾರಿದಾಗ ಆಸರೆಗೆಂದು ಹಿಡಿಯುವುದು ಇದನ್ನೇ. ತಗಲಿದ ಕೂಡಲೇ ಸಾಬೂನು ಹಾಕಿ ತೊಳೆಯಿರಿ. ಹತ್ತಿರದಲ್ಲೇ ಕೆಂಪು ತೊಗಟೆ ಹಾಳೆಹಾಳೆಯಾಗಿ ಸುಲಿಯುವ ಗುಂಬೊಲಿಂಬೊ ಮರ ಇದ್ದರೆ ಊರವರು ಅದರ ತೊಗಟೆಯನ್ನು ಮದ್ದೆಂದು ಹಚ್ಚುತ್ತಾರೆ. ಬಿಸಿಲಿಗೆ ಕೆಂಪಾಗಿ ಚರ್ಮ ಸುಲಿಸಿಕೊಂಡವರ ನೆನಪಿಗೆ ಅದನ್ನು 'ಟೂರಿಸ್ಟ್ ಮರ' ಎಂದೂ ಕರೆಯುತ್ತಾರೆ.

ಮತ್ತೆ, ಉದುರೆಲೆಯ ಮೇಲೆ ಕಾಲಿಡುವಾಗ ಕೋಲಿನಿಂದ ತಡವಿ ನೋಡಿ. ಟಾಮಿಗಾಫ್ ಎಂಬ ವಿಷದ ಹಾವು ಒಣಗಿದ ಕೊಹೂನ್ ಗರಿಯ ಬಣ್ಣದಲ್ಲೇ ಮಲಗಿರುತ್ತದೆ. ಮೊಣಕಾಲು ಮುಚ್ಚುವ ರಬ್ಬರ್ ಬೂಟು ಹಾಕಿ.

ಗೆರೆಗಾರ:

ಇನ್ನೊಂದು ಸಣ್ಣ ತಿದ್ದುಪಡಿ, ಹಾಳೆಯ ಶೀರ್ಷಿಕೆ ಬರೆಯುವ ಮೊದಲು. ಬೆಲೀಜಿನ ಬ್ಯಾರಿಯರ್ ರೀಫ್ 1,000 ಕಿ.ಮೀ. ಎಂದು ಹಲವು ಕಡೆ ಇದೆ. ಅದು ಮೆಕ್ಸಿಕೊದಿಂದ ಹೊಂಡುರಾಸ್‌ವರೆಗಿನ ಇಡೀ ಮೆಸೊಅಮೆರಿಕನ್ ರೀಫ್. ಬೆಲೀಜಿನ ಪಾಲು ಸುಮಾರು 300 ಕಿ.ಮೀ. ಯುನೆಸ್ಕೊ ಪಟ್ಟಿಗೆ 1996ರಲ್ಲಿ ಸೇರಿದ್ದು, 2009ರಲ್ಲಿ ಅಪಾಯದ ಪಟ್ಟಿಗೆ ಹೋಗಿ 2018ರಲ್ಲಿ ಹೊರಬಂದದ್ದು, ಇದರ ಏಳು ರಕ್ಷಿತ ತಾಣಗಳು. ರೀಫ್ ದಡದಿಂದ ಎಷ್ಟು ದೂರ ಎಂದು ಒಂದೇ ಅಂಕಿ ಬರೆಯಬೇಡಿ. ಉತ್ತರದ ಅಂಬರ್‌ಗ್ರಿಸ್ ಕೇಯ ರಾಕಿ ಪಾಯಿಂಟ್‌ನಲ್ಲಿ ರೀಫ್ ನೆಲವನ್ನೇ ಮುಟ್ಟುತ್ತದೆ, ದಕ್ಷಿಣದಲ್ಲಿ 40 ಕಿ.ಮೀ. ಆಚೆ ಹೋಗುತ್ತದೆ. ನಿಮ್ಮ ಗೆರೆಗೆ ನಕ್ಷೆಯ ಮೇಲೆ ಸ್ಕೇಲಿಟ್ಟು ಅಳೆದದ್ದೇ ಸರಿ.